ಗಡಿಗೆರೆಯ ಮೇಲಿನ ಮಹಾನಗರ: ಕ್ಯಾನ್ಸಸ್ ಸಿಟಿಯ ಚರಿತ್ರೆಯಿಂದ ಒಂದು ವಿಚಾರ

ಕನ್ನಡನಾಡಿನಲ್ಲಿ ರಾಜ್ಯದ ಗಡಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಭಾಷೆ. 1956ರ ರಾಜ್ಯ ಪುನರ್ವಿಂಗಡಣೆಯನ್ನು ಕುರಿತ ವಾದವಿವಾದಗಳು ಬಹುಮಟ್ಟಿಗೆ ಯಾವ ಊರಿನಲ್ಲಿ ಯಾವ ನುಡಿಯವರು ಹೆಚ್ಚು ಎಂಬ ಪ್ರಶ್ನೆಯ ಸುತ್ತಲೇ ನಡೆದಿವೆ. ಆದರೆ ಎಲ್ಲೆಯ ಎರಡು ಮಗ್ಗುಲುಗಳಲ್ಲಿಯೂ ಒಂದೇ ಭಾಷೆ, ಒಂದೇ ಪೇಟೆ, ಒಂದೇ ಬಗೆಯ ನಡೆನುಡಿಗಳಿದ್ದು, ಕಾನೂನು ಮಾತ್ರ ಬೇರೆಯಾದಾಗ ಆ ಎಲ್ಲೆಯಿಂದ ಜನಜೀವನದ ಮೇಲೆ ಆಗುವ ಪರಿಣಾಮವೇನು? ಈ ಪ್ರಶ್ನೆಯನ್ನು ಪರಿಶೀಲಿಸಲು ಅಮೆರಿಕ ಸಂಯುಕ್ತ ಸಂಸ್ಥಾನಗಳ ಮಧ್ಯಭಾಗದಲ್ಲಿರುವ ಕ್ಯಾನ್ಸಸ್ ಸಿಟಿಯಷ್ಟು ಉಚಿತವಾದ ಊರು ವಿರಳ.

ಮಿಸ್ಸೌರಿ ನದಿಗೆ ಕ್ಯಾನ್ಸಸ್ ನದಿ ಬಂದು ಸೇರುವ ಸಂಗಮದ ಬಳಿ ಈ ನಗರ ಬೆಳೆದಿದೆ. ಪೂರ್ವಭಾಗ ಮಿಸ್ಸೌರಿ ರಾಜ್ಯಕ್ಕೂ ಪಶ್ಚಿಮಭಾಗ ಕ್ಯಾನ್ಸಸ್ ರಾಜ್ಯಕ್ಕೂ ಸೇರಿವೆ. ಎರಡು ರಾಜ್ಯಗಳಲ್ಲಿಯೂ ಕ್ಯಾನ್ಸಸ್ ಸಿಟಿ ಎಂಬ ಹೆಸರಿನ ಒಂದೊಂದು ಪುರಸಭೆಯುಂಟು. ಹೊಸಬರಿಗೆ ಸೋಜಿಗವೆನಿಸುವಂತೆ, ಅವುಗಳಲ್ಲಿ ದೊಡ್ಡದು ಮಿಸ್ಸೌರಿಯಲ್ಲಿದೆ. ನಗರದ ದಕ್ಷಿಣಭಾಗದಲ್ಲಿ ‘ಸ್ಟೇಟ್ ಲೈನ್’ ಎಂಬ ರಸ್ತೆ ಹಲವು ಮೈಲಿಗಳ ದೂರ ಗಡಿಯನ್ನೇ ಅನುಸರಿಸಿ ಸಾಗುತ್ತದೆ. ಅದರ ಒಂದು ಬದಿಯ ಮನೆಯವರಿಗೂ ಎದುರು ಬದಿಯ ಮನೆಯವರಿಗೂ ರಾಜ್ಯಪಾಲರು ಬೇರೆ, ಶಾಸನಸಭೆ ಬೇರೆ, ತೆರಿಗೆ ಬೇರೆ.

ಈ ಎಲ್ಲೆ ಊರಿಗಿಂತ ಹಳೆಯದೆಂಬುದನ್ನು ಮೊದಲು ಗಮನಿಸಬೇಕು. 1821ರಲ್ಲಿ ಮಿಸ್ಸೌರಿ ಒಕ್ಕೂಟವನ್ನು ಸೇರಿದಾಗ, ಕ್ಯಾನ್ಸಸ್ ನದಿಯ ಮುಖದ ಮೂಲಕ ಹಾಯುವ ರೇಖಾಂಶವೇ ಅದರ ಪಶ್ಚಿಮದ ಮೇರೆಯೆಂದು ನಿರ್ಧಾರವಾಗಿತ್ತು. ಆಗ ಅಲ್ಲಿ ಪಟ್ಟಣವಿರಲಿಲ್ಲ. ರೇಖೆಯ ಆಚೆಗಿನದು ಮೂಲನಿವಾಸಿಗಳ ಪ್ರದೇಶ. ವ್ಯಾಪಾರಿಗಳ ಇಳಿದಾಣವೊಂದು ಕ್ರಮೇಣ ಬೆಳೆದು 1850ರಲ್ಲಿ ‘ಟೌನ್ ಆಫ್ ಕ್ಯಾನ್ಸಸ್’ ಎಂದೂ 1853ರಲ್ಲಿ ‘ಸಿಟಿ ಆಫ್ ಕ್ಯಾನ್ಸಸ್’ ಎಂದೂ ಹೆಸರು ಪಡೆಯಿತು. ಕ್ಯಾನ್ಸಸ್ ಎಂಬ ರಾಜಕೀಯ ಪ್ರಾಂತ ಹುಟ್ಟಿದ್ದು 1854ರಲ್ಲಿ. ಊರಿನ ಹೆಸರು ನದಿಯಿಂದ ಬಂದದ್ದೇ ಹೊರತು ನೆರೆಯ ರಾಜ್ಯದಿಂದಲ್ಲ.

ಆ ವರ್ಷವೇ ಗೆರೆಗೆ ರಕ್ತ ಹತ್ತಿತು. 1820ರ ಒಪ್ಪಂದದಂತೆ ಮಿಸ್ಸೌರಿಯಲ್ಲಿ ಗುಲಾಮಗಿರಿಗೆ ಅವಕಾಶವಿತ್ತು; ಅದರ ಪಶ್ಚಿಮದ ಈ ಸೀಮೆಯಲ್ಲಿ ನಿಷೇಧವಿತ್ತು. 1854ರ ಕ್ಯಾನ್ಸಸ್-ನೆಬ್ರಾಸ್ಕ ಶಾಸನವು ಈ ನಿಷೇಧವನ್ನು ತೆಗೆದುಹಾಕಿ, ನಿರ್ಣಯವನ್ನು ಅಲ್ಲಿ ನೆಲೆಸುವವರ ಮತಕ್ಕೆ ಬಿಟ್ಟಿತು. 1855ರ ಮಾರ್ಚ್ 30ರ ಚುನಾವಣೆಯಲ್ಲಿ ಮಿಸ್ಸೌರಿಯ ಸಹಸ್ರಾರು ಜನ ಎಲ್ಲೆ ದಾಟಿ ಬಂದು ಮತ ಹಾಕಿ ಹಿಂದಿರುಗಿದರು. ಜನಗಣತಿಯಂತೆ ಅರ್ಹ ಮತದಾರರು 2,905; ಬಿದ್ದ ಮತಗಳು 6,307. ಹಲವು ವರ್ಷಗಳ ಹೊಡೆದಾಟದ ಬಳಿಕ 1861ರ ಜನವರಿ 29ರಂದು ಕ್ಯಾನ್ಸಸ್ ಗುಲಾಮಗಿರಿಯಿಲ್ಲದ ರಾಜ್ಯವಾಗಿ ಒಕ್ಕೂಟವನ್ನು ಸೇರಿತು.

ಮತ ಹಾಕಲು ಹೋದವರಿಗೆ ಈ ಎಲ್ಲೆ ಕಾಲುದಾರಿಯಷ್ಟು ಸುಲಭವಾಗಿತ್ತು. ಮಿಸ್ಸೌರಿಯ ಗುಲಾಮರಿಗಾದರೋ ಅದನ್ನು ದಾಟುವುದು ಪ್ರಾಣದ ಪ್ರಶ್ನೆ. ಸಂಗಮದಿಂದ ಸ್ವಲ್ಪ ದೂರದಲ್ಲಿ, ನದಿಯ ಕ್ಯಾನ್ಸಸ್ ದಡದ ಮೇಲೆ, ಗುಲಾಮಗಿರಿಯ ವಿರೋಧಿಗಳೂ ವೈಯಾನ್‌ಡಾಟ್ ಜನರೂ ಕೂಡಿ ಕಟ್ಟಿದ ಕ್ವಿಂಡಾರೊ ಎಂಬ ಸಣ್ಣ ರೇವುಪಟ್ಟಣವು ತಪ್ಪಿಸಿಕೊಂಡು ಬಂದವರಿಗೆ ಆಶ್ರಯವಾಯಿತು. 1862ರಲ್ಲಿ ಕ್ಯಾನ್ಸಸ್‌ನಲ್ಲಿ ಕೂಡಿಸಿದ ಕಪ್ಪು ಜನರ ಕಾಲಾಳು ದಳದಲ್ಲಿ ಹೀಗೆ ಎಲ್ಲೆ ದಾಟಿ ಬಂದವರು ಬಹುಮಂದಿ ಇದ್ದರು. ಲಿಂಕನ್‌ರ 1863ರ ವಿಮೋಚನಾ ಘೋಷಣೆ, ಒಕ್ಕೂಟದಲ್ಲಿಯೇ ಉಳಿದಿದ್ದ ಮಿಸ್ಸೌರಿಗೆ ಅನ್ವಯಿಸಲಿಲ್ಲ. 1865ರ ಜನವರಿ 11ರಂದು ಆ ರಾಜ್ಯವೇ ಗುಲಾಮಗಿರಿಯನ್ನು ರದ್ದುಪಡಿಸುವವರೆಗೆ, ಒಬ್ಬ ಮನುಷ್ಯನು ಸ್ವತಂತ್ರನೋ ಸ್ವತ್ತೋ ಎಂಬುದಕ್ಕೆ ಈ ರೇಖೆಯೇ ಪ್ರಮಾಣವಾಗಿತ್ತು.

ಅಂತರ್ಯುದ್ಧದ ಕಾಲದಲ್ಲಿ ಗಡಿಯ ರೈತರೂ ಇದರ ಬೆಲೆ ತೆತ್ತರು. 1863ರ ಆಗಸ್ಟ್ 21ರಂದು ಕ್ವಾಂಟ್ರಿಲ್‌ನ ತಂಡ ಕ್ಯಾನ್ಸಸ್‌ನ ಲಾರೆನ್ಸ್ ಪಟ್ಟಣದ ಮೇಲೆ ಬಿದ್ದು ನೂರೈವತ್ತಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಂದಿತು. ನಾಲ್ಕೇ ದಿನಗಳಲ್ಲಿ, ಕ್ಯಾನ್ಸಸ್ ಸಿಟಿಯಲ್ಲಿ ಠಾಣ್ಯವಿದ್ದ ಸೇನಾಧಿಕಾರಿ ಥಾಮಸ್ ಯೂಯಿಂಗ್ ಹನ್ನೊಂದನೆಯ ಆಜ್ಞೆಯನ್ನು ಹೊರಡಿಸಿದನು. ಮಿಸ್ಸೌರಿ ಕಡೆಯ ಮೂರು ಕೌಂಟಿಗಳೂ ನಾಲ್ಕನೆಯದರ ಒಂದು ಭಾಗವೂ, ಕೆಲವು ಠಾಣ್ಯಗಳ ಆಸುಪಾಸನ್ನುಳಿದು, ಹದಿನೈದು ದಿನಗಳಲ್ಲಿ ತೆರವಾಗಬೇಕೆಂಬುದು ಅದರ ಸಾರ. ಸಾವಿರಾರು ಸಂಸಾರಗಳು ಮನೆಮಠ ಬಿಟ್ಟು ಹೊರಟವು. ಬಿಟ್ಟ ಮನೆಗಳು ಸುಟ್ಟುಹೋದವು.

ಯುದ್ಧ ಮುಗಿದ ಮೇಲೆ ಇದೇ ರೇಖೆಯ ಮೇಲೆ ಒಂದು ಮಹಾನಗರ ಎದ್ದಿತು. 1869ರ ಜುಲೈ 3ರಂದು ಮಿಸ್ಸೌರಿ ನದಿಯ ಮೊದಲ ಸೇತುವೆಯಾದ ಹ್ಯಾನಿಬಲ್ ಸೇತುವೆ ತೆರೆಯಿತು. ರೈಲುಮಾರ್ಗಗಳು ಇಲ್ಲಿ ಕೂಡಿದವು. 1871ರಲ್ಲಿ ಸಂಗಮದ ತಗ್ಗುನೆಲದಲ್ಲಿ ದನಗಳ ದೊಡ್ಡ ಸಂತೆ ಸ್ಥಾಪಿತವಾಯಿತು. ಮುಂದೆ ಅದು ಷಿಕಾಗೋ ನಗರದ ಸಂತೆಗೆ ಮಾತ್ರ ಎರಡನೆಯದೆನಿಸಿತು. ರಾಜ್ಯಗಳ ಎಲ್ಲೆ ಈ ಸಂತೆಯ ಮೈದಾನದ ನಡುವೆಯೇ ಹಾದುಹೋಗಿತ್ತು. ಮಾಂಸದ ಕಾರ್ಖಾನೆಗಳಿಗೆ ಯೂರೋಪಿನಿಂದ ಕ್ರೊಯೇಷಿಯನ್ನರು ಬಂದರು. 1879ರಲ್ಲಿ ದಕ್ಷಿಣದ ದಬ್ಬಾಳಿಕೆಯಿಂದ ಪಾರಾಗಲು ಕಪ್ಪು ಜನರು ದೋಣಿಗಳಲ್ಲಿ ವೈಯಾನ್‌ಡಾಟ್ ಪಟ್ಟಣಕ್ಕೆ ಬಂದಿಳಿದರು. 1886ರಲ್ಲಿ ಆ ಪಟ್ಟಣವೂ ನೆರೆಯ ಊರುಗಳೂ ಕೂಡಿ ಕ್ಯಾನ್ಸಸ್ ರಾಜ್ಯದ ಕ್ಯಾನ್ಸಸ್ ಸಿಟಿಯಾದವು. ಮನೆ ಒಂದು ರಾಜ್ಯದಲ್ಲಿ, ಕೂಲಿ ಇನ್ನೊಂದರಲ್ಲಿ ಎಂಬುದು ಅಂದಿನಿಂದ ಇಲ್ಲಿನ ನಿತ್ಯದ ಬಾಳು.

ಕಾನೂನಿನ ಭೇದವೇ ಒಂದು ವ್ಯಾಪಾರವಾದುದಕ್ಕೆ ಪಾನನಿರೋಧ ನಿದರ್ಶನ. ಕ್ಯಾನ್ಸಸ್ 1881ರಿಂದ ಮದ್ಯವನ್ನು ನಿಷೇಧಿಸಿತು. ರಾಜ್ಯಾಂಗದ ಆ ವಿಧಿ 1948ರವರೆಗೂ ನಿಂತಿತು. ಮಿಸ್ಸೌರಿಯ ಕಡೆ, ಗಡಿಗೆ ಅಂಟಿಕೊಂಡ ಬೀದಿಗಳಲ್ಲಿ ಮದ್ಯದಂಗಡಿಗಳು ಸಾಲುಗಟ್ಟಿದವು. ಕ್ಯಾನ್ಸಸ್ ಜನ ತಮ್ಮ ರಾಜ್ಯದ ಸಚ್ಚಾರಿತ್ರ್ಯಕ್ಕೆ ಮತ ಕೊಟ್ಟು, ಬಾಯಾರಿಕೆಯನ್ನು ನೆರೆಯ ರಾಜ್ಯದಲ್ಲಿ ತೀರಿಸಿಕೊಂಡರೆಂದರೆ ತಪ್ಪಾಗದು. ಈ ತಗ್ಗುನೆಲದ ಮದ್ಯದಂಗಡಿಯಿಂದಲೇ ಪೆಂಡರ್‌ಗಾಸ್ಟ್ ಸೋದರರ ರಾಜಕೀಯ ಪ್ರಭುತ್ವ ಮೊದಲಾಯಿತು. ಅವರ ಕಾಲದ ರಾತ್ರಿಯ ಮನರಂಜನಾಗೃಹಗಳಲ್ಲಿ ಕೌಂಟ್ ಬೇಸಿಯಂತಹ ಜಾಸ್ ಸಂಗೀತಗಾರರು ಬೆಳೆದರು. 1920ರಲ್ಲಿ ಕ್ಯಾನ್ಸಸ್ ಮಗ್ಗುಲಲ್ಲಿ ಹುಟ್ಟಿದ ಚಾರ್ಲಿ ಪಾರ್ಕರ್ ವಿದ್ಯೆ ಕಲಿತದ್ದು ಮಿಸ್ಸೌರಿ ಮಗ್ಗುಲಲ್ಲಿ.

ಆದರೆ ಎಲ್ಲೆ ಎಲ್ಲಕ್ಕೂ ಅಡ್ಡ ಬರುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜೆ. ಸಿ. ನಿಕೋಲ್ಸ್ ಎಂಬ ಬಡಾವಣೆಗಾರನು ರೇಖೆಯ ಎರಡು ಕಡೆಗಳಲ್ಲಿಯೂ ಸುಂದರವಾದ ಬಡಾವಣೆಗಳನ್ನು ಕಟ್ಟಿದನು. ಕಪ್ಪು ಜನರಿಗೆ ಮನೆಯನ್ನು ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂಬ ಷರತ್ತು ಅಲ್ಲಿಯ ಕ್ರಯಪತ್ರಗಳಲ್ಲಿ ಎರಡು ರಾಜ್ಯಗಳಿಗೂ ಸಮಾನವಾಗಿತ್ತು. ಇಂತಹ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1948ರಲ್ಲಿ. ಎಲ್ಲೆ ದಾಟಲು ಪೂರ್ವಗ್ರಹಕ್ಕೆ ಯಾವ ರಹದಾರಿಯೂ ಬೇಕಾಗಿರಲಿಲ್ಲ.

ಶಾಲೆಗಳ ಚರಿತ್ರೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಮಿಸ್ಸೌರಿಯ ರಾಜ್ಯಾಂಗ ಪ್ರತ್ಯೇಕ ಶಾಲೆಗಳನ್ನು ಕಡ್ಡಾಯ ಮಾಡಿತ್ತು. ಕ್ಯಾನ್ಸಸ್ ದೊಡ್ಡ ನಗರಗಳ ಪ್ರಾಥಮಿಕ ಶಾಲೆಗಳಲ್ಲಿ ಮಾತ್ರ ಅದಕ್ಕೆ ಅನುಮತಿ ನೀಡಿದ್ದು, 1905ರಲ್ಲಿ ಕ್ಯಾನ್ಸಸ್ ಸಿಟಿಗಾಗಿ ಪ್ರೌಢಶಾಲೆಯ ವಿಷಯದಲ್ಲಿ ವಿಶೇಷ ವಿನಾಯಿತಿಯನ್ನೂ ಕೊಟ್ಟಿತು. ಸಮ್ನರ್ ಪ್ರೌಢಶಾಲೆ ಹೀಗೆ ಹುಟ್ಟಿತು. 1949ರಲ್ಲಿ, ಗಡಿಗೆ ಸಮೀಪದ ಸೌತ್ ಪಾರ್ಕಿನ ಕಪ್ಪು ಮಕ್ಕಳ ಪೋಷಕರು ಹೂಡಿದ ದಾವೆಯಲ್ಲಿ ಕ್ಯಾನ್ಸಸ್ ಸರ್ವೋಚ್ಚ ನ್ಯಾಯಾಲಯ ಅವರ ಪಕ್ಷದಲ್ಲಿ ತೀರ್ಪಿತ್ತಿತು. 1954ರಲ್ಲಿ ಅದೇ ರಾಜ್ಯದ ಟೊಪೀಕಾದ ಮೊಕದ್ದಮೆಯ ಮೂಲಕ ಪ್ರತ್ಯೇಕ ಶಾಲೆಗಳು ರಾಷ್ಟ್ರಾದ್ಯಂತ ಕಾನೂನುಬಾಹಿರವಾದವು.

ಮುಂದಿನ ದಶಕಗಳಲ್ಲಿ ಬಿಳಿಯ ಸಂಸಾರಗಳು ನಗರದ ನಡುಭಾಗವನ್ನು ಬಿಟ್ಟು ಹೊರವಲಯಗಳಿಗೆ, ಅದರಲ್ಲಿಯೂ ಎಲ್ಲೆಯಾಚೆಯ ಜಾನ್ಸನ್ ಕೌಂಟಿಗೆ, ನೆಲೆ ಬದಲಿಸಿದವು. 1977ರಲ್ಲಿ ಮಿಸ್ಸೌರಿಯ ಕ್ಯಾನ್ಸಸ್ ಸಿಟಿಯ ಶಾಲಾ ಮಂಡಳಿಯು, ಮಹಾನಗರವೆಲ್ಲ ಒಂದೇ ಎಂಬ ನೆಲೆಯಲ್ಲಿ, ಎರಡು ರಾಜ್ಯಗಳನ್ನೂ ಸುತ್ತಲಿನ ಶಾಲಾ ಮಂಡಳಿಗಳನ್ನೂ ಪ್ರತಿವಾದಿಗಳನ್ನಾಗಿ ಮಾಡಿತು. ನ್ಯಾಯಾಲಯ ಕ್ಯಾನ್ಸಸ್ ಪಕ್ಷದವರನ್ನು ಮೊದಲೇ ಕೈಬಿಟ್ಟಿತು. 1984ರಲ್ಲಿ ಮಿಸ್ಸೌರಿಯ ಹೊರವಲಯದವರನ್ನೂ ಕೈಬಿಟ್ಟಿತು. ಹೊರಗಿನ ಮಕ್ಕಳನ್ನು ಆಕರ್ಷಿಸಲೆಂದು ನಗರದ ಶಾಲೆಗಳಿಗೆ ಅಪಾರ ಹಣ ಸುರಿಯುವ ಪರಿಹಾರಕ್ರಮವನ್ನು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕರ ಬಹುಮತದಿಂದ ಮೊಟಕುಗೊಳಿಸಿತು. ಊರಿನ ಸಂಪತ್ತು ರೇಖೆಯನ್ನು ದಾಟಿಹೋಯಿತು. ಊರಿನ ಹೊಣೆ ದಾಟಲಾರದೆ ನಿಂತಿತು.

ಎರಡು ಕಡೆಯವರೂ ಕೂಡಿ ನಡೆದ ಸಂದರ್ಭಗಳಿಲ್ಲವೆಂದಲ್ಲ. 1965ರಲ್ಲಿ ಉಭಯ ರಾಜ್ಯಗಳ ಒಡಂಬಡಿಕೆಯಿಂದ ಸಾರಿಗೆ ಪ್ರಾಧಿಕಾರವೊಂದು ರಚಿತವಾಯಿತು. 1914ರಲ್ಲಿ ಕಟ್ಟಿದ ಯೂನಿಯನ್ ರೈಲುನಿಲ್ದಾಣ ಪಾಳುಬಿದ್ದಾಗ, ಅದರ ಜೀರ್ಣೋದ್ಧಾರಕ್ಕೆಂದು 1996ರಲ್ಲಿ ಮಿಸ್ಸೌರಿಯ ಮೂರು ಕೌಂಟಿಗಳೂ ಕ್ಯಾನ್ಸಸ್‌ನ ಒಂದು ಕೌಂಟಿಯೂ ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹಾಕಿಕೊಂಡವು. ಆದರೆ 2004ರಲ್ಲಿ ಇಂತಹದೇ ಎರಡನೆಯ ಸಲಹೆ ಸೋತಿತು.

ಸ್ಪರ್ಧೆಯೂ ನಿಲ್ಲಲಿಲ್ಲ. ತೆರಿಗೆ ರಿಯಾಯಿತಿಯ ಆಮಿಷ ತೋರಿ ಒಂದು ರಾಜ್ಯ ಇನ್ನೊಂದರ ಕಚೇರಿಗಳನ್ನು ಸೆಳೆಯತೊಡಗಿತು. ನೌಕರನು ಅದೇ ಮನೆಯಿಂದ ಹೊರಟು ಕೆಲವು ಮೈಲಿ ಬೇರೆ ದಿಕ್ಕಿಗೆ ಹೋಗುವಂತಾಯಿತೇ ಹೊರತು ಮಹಾನಗರಕ್ಕೆ ಹೊಸ ಉದ್ಯೋಗವೊಂದೂ ಹುಟ್ಟಲಿಲ್ಲ. 2011ರಲ್ಲಿ ಹದಿನೇಳು ಮಂದಿ ಉದ್ಯಮಿಗಳು ಇದನ್ನು ನಿಲ್ಲಿಸಿರೆಂದು ಇಬ್ಬರು ರಾಜ್ಯಪಾಲರಿಗೂ ಪತ್ರ ಬರೆದರು. 2019ರಲ್ಲಿ ಮಿಸ್ಸೌರಿಯ ಶಾಸನದಿಂದಲೂ ಕ್ಯಾನ್ಸಸ್ ರಾಜ್ಯಪಾಲರ ಆಜ್ಞೆಯಿಂದಲೂ ಕದನವಿರಾಮವೇರ್ಪಟ್ಟಿತು. ಆದರೆ 2024ರ ಏಪ್ರಿಲ್‌ನಲ್ಲಿ ಕ್ರೀಡಾಂಗಣಗಳಿಗಾಗಿ ಕೇಳಿದ ತೆರಿಗೆಯನ್ನು ಮಿಸ್ಸೌರಿಯ ಜಾಕ್ಸನ್ ಕೌಂಟಿಯ ಮತದಾರರು ತಿರಸ್ಕರಿಸಿದೊಡನೆ, ಜೂನ್‌ನಲ್ಲಿ ಕ್ಯಾನ್ಸಸ್ ಶಾಸನಸಭೆ ಆ ತಂಡಗಳನ್ನು ಕರೆತರಲು ಧನಸಹಾಯದ ಯೋಜನೆಯನ್ನು ಅಂಗೀಕರಿಸಿತು.

ಹಳೆಯ ಮದ್ಯದ ಬೀದಿಯ ನ್ಯಾಯವೂ ಹೊಸ ರೂಪಗಳಲ್ಲಿ ಮರುಕಳಿಸಿದೆ. 2022ರ ಜೂನ್‌ನಲ್ಲಿ ಗರ್ಭಪಾತದ ಹಕ್ಕನ್ನು ಕುರಿತ ತೀರ್ಪು ಬಂದ ದಿನವೇ ಮಿಸ್ಸೌರಿ ಅದನ್ನು ನಿಷೇಧಿಸಿತು. ಆಗಸ್ಟ್‌ನಲ್ಲಿ ಕ್ಯಾನ್ಸಸ್ ಮತದಾರರು ತಮ್ಮ ರಾಜ್ಯಾಂಗದಿಂದ ಆ ಹಕ್ಕನ್ನು ತೆಗೆಯುವ ತಿದ್ದುಪಡಿಯನ್ನು ನಿರಾಕರಿಸಿದರು. ಮಿಸ್ಸೌರಿಯ ಮತದಾರರು ನಿಷೇಧವನ್ನು ತಳ್ಳಿಹಾಕಿದ್ದು 2024ರ ನವೆಂಬರ್‌ನಲ್ಲಿ. ಈ ನಡುವಿನ ಕಾಲದಲ್ಲಿ, ಬೀದಿ ದಾಟಿ ಹೋಗುವ ಸಾಮರ್ಥ್ಯವೇ ಮಹಿಳೆಯ ಹಕ್ಕಿನ ಅಳತೆಯಾಗಿತ್ತು.

ಇದರಿಂದ ತಿಳಿಯತಕ್ಕದ್ದೇನು? ರೇಖೆಯೊಂದು ಒಂದು ನಗರವನ್ನು ಎರಡು ಮಾಡಿತೆಂದು ಹೇಳಿ ಮುಗಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ದಾಟುವ ಶಕ್ತಿಯಿದ್ದವರಿಗೆ ಅದು ಎರಡು ಕಾನೂನುಗಳ ಪೈಕಿ ಅನುಕೂಲವಾದುದನ್ನು ಆರಿಸಿಕೊಳ್ಳುವ ಅವಕಾಶವಾಯಿತು. ದಾಟಲಾರದವರಿಗೆ, ಇನ್ನೊಬ್ಬರ ಹೊಣೆ ಮುಗಿಯುವ ಜಾಗವಾಯಿತು. ಗಡಿಪ್ರದೇಶಗಳ ಚರಿತ್ರೆಯನ್ನು ಬರೆಯುವಾಗ ಎಲ್ಲೆ ಎಲ್ಲಿದೆಯೆಂದು ಗುರುತಿಸುವುದರ ಜೊತೆಗೆ, ಅದನ್ನು ಯಾರು ದಾಟಿದರು, ಯಾರು ದಾಟಲಾರದೆ ಉಳಿದರು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ವಿಚಾರಿಸಬೇಕಾಗುತ್ತದೆ.