ಐದರಿಂದ ಭಾಗಿಸಬೇಕೋ, ನಾಲ್ಕರಿಂದಲೋ?

ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಯೊಂದನ್ನು ತೆರೆದು ಈ ಐದು ಅಂಕಿಗಳನ್ನು ಒಂದರ ಕೆಳಗೊಂದು ಬರೆಯಿರಿ: 957, 963, 960, 965, 973. ಇವು 1971ರಿಂದ 2011ರವರೆಗಿನ ಐದು ಜನಗಣತಿಗಳಲ್ಲಿ ಕಂಡ ಕರ್ನಾಟಕದ ಲಿಂಗಾನುಪಾತ, ಅಂದರೆ ಸಾವಿರ ಗಂಡಸರಿಗೆ ಎಷ್ಟು ಹೆಂಗಸರು ಎಂಬ ಲೆಕ್ಕ. ಕೆಳಗಿನ ಮನೆಯಲ್ಲಿ ವಿಎಆರ್.ಪಿ ಎಂಬ ಫಂಕ್ಷನ್ ಹಾಕಿದರೆ 29.44 ಬರುತ್ತದೆ. ವಿಎಆರ್.ಎಸ್ ಹಾಕಿದರೆ 36.8. ಅಂಕಿಗಳು ಅವೇ, ಉತ್ತರ ಎರಡು. ಏಕೆ?

ಲೆಕ್ಕ ಸರಳ. ಐದರ ಸರಾಸರಿ 963.6. ಪ್ರತಿ ಅಂಕಿಯೂ ಅದರಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳನ್ನು ವರ್ಗ ಮಾಡಿ ಕೂಡಿದರೆ 147.2. ಇದನ್ನು ಐದರಿಂದ ಭಾಗಿಸಿದರೆ ಮೊದಲ ಉತ್ತರ, ನಾಲ್ಕರಿಂದ ಭಾಗಿಸಿದರೆ ಎರಡನೆಯದು.

ಈ ಅಳತೆಗೆ 'ವೇರಿಯನ್ಸ್' ಎಂದು ಹೆಸರಿಟ್ಟವನು ರೊನಾಲ್ಡ್ ಫಿಷರ್, 1918ರ ಒಂದು ಪ್ರಬಂಧದಲ್ಲಿ. ಒಂದನ್ನು ಕಳೆದು ಭಾಗಿಸುವ ಕ್ರಮ ಅದಕ್ಕಿಂತ ಹಳೆಯದು. ಅದಕ್ಕೆ ಬೆಸೆಲ್‌ನ ಹೆಸರು ಅಂಟಿಕೊಂಡಿದೆಯಾದರೂ ಗೌಸ್ 1823ರಲ್ಲೇ ಅದರ ತರ್ಕವನ್ನು ತೋರಿಸಿದ್ದ. ಫಿಷರನ ಬಳಿ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಮಾಡಿದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. ಯಾವುದೇ ನಿಷ್ಪಕ್ಷಪಾತ ಅಂದಾಜಿನ ವೇರಿಯನ್ಸ್ ಒಂದು ಮಿತಿಗಿಂತ ಕೆಳಗಿಳಿಯಲಾರದು ಎಂದು ಅವರು 1945ರಲ್ಲಿ ತೋರಿಸಿಕೊಟ್ಟರು. ಎಷ್ಟೇ ಜಾಣತನದಿಂದ ಅಂದಾಜು ಮಾಡಿದರೂ ಅನಿಶ್ಚಿತತೆ ಸ್ವಲ್ಪವಾದರೂ ಉಳಿಯುತ್ತದೆ ಎಂಬುದು ಅದರ ಸಾರ.

ಎರಡು ಭಾಗಾಕಾರಗಳ ಹಿಂದಿರುವ ಪ್ರಶ್ನೆ ಒಂದೇ: ನೀವು ಎಲ್ಲರನ್ನೂ ಎಣಿಸಿದ್ದೀರಾ? ವಸಂತಪುರವನ್ನೇ ತೆಗೆದುಕೊಳ್ಳಿ. ಪ್ರತಿ ಮನೆಯ ಬಾಗಿಲನ್ನೂ ತಟ್ಟಿ ಎಷ್ಟು ಜನರಿದ್ದಾರೆಂದು ಬರೆದುಕೊಂಡರೆ ಅದು ಸಮಷ್ಟಿ. ಅಲ್ಲಿನ ಸರಾಸರಿ ನಿಜವಾದ ಸರಾಸರಿಯೇ, ಆದ್ದರಿಂದ ವಿಎಆರ್.ಪಿ ಸಾಕು. ಇಪ್ಪತ್ತು ಮನೆಗಳನ್ನಷ್ಟೇ ನೋಡಿ ಇಡೀ ಬಡಾವಣೆಯ ಬಗ್ಗೆ ಮಾತಾಡುವುದಾದರೆ ಅದು ಮಾದರಿ. ಸರಾಸರಿಯೂ ಆ ಇಪ್ಪತ್ತರಿಂದಲೇ ಬಂದದ್ದರಿಂದ ಅದು ಅವಕ್ಕೇ ಹತ್ತಿರ ನಿಲ್ಲುತ್ತದೆ. ಚೆದುರುವಿಕೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಹತ್ತೊಂಬತ್ತರಿಂದ ಭಾಗಿಸುವುದು ಆ ಕೊರತೆಯನ್ನು ತುಂಬುವುದಕ್ಕೆ. ನಮ್ಮ ಪ್ರಶ್ನೆ ಆ ಐದು ಜನಗಣತಿಗಳಿಗಷ್ಟೇ ಸಂಬಂಧಿಸಿದ್ದರೆ 29.44 ಸರಿಯಾದ ಉತ್ತರ.

ಸ್ಪ್ರೆಡ್‌ಶೀಟುಗಳು ಈ ಭೇದವನ್ನು ಸದಾ ಸ್ಪಷ್ಟವಾಗಿ ಹೇಳಲಿಲ್ಲ. 1983ರಲ್ಲಿ ಬಂದ ಲೋಟಸ್ 1-2-3ರಲ್ಲಿ 'ವಿಎಆರ್' ಎಂದರೆ ಸಮಷ್ಟಿಯ ಲೆಕ್ಕ. ಎಕ್ಸೆಲ್‌ನಲ್ಲಿ ಅದೇ ಹೆಸರು ಮಾದರಿಗೆ. ಒಂದನ್ನು ಕಲಿತವರು ಇನ್ನೊಂದಕ್ಕೆ ಬಂದಾಗ ಹೆಸರು ಬದಲಾಗದೆ ಭಾಜಕ ಬದಲಾಗಿರುತ್ತಿತ್ತು. ಎಕ್ಸೆಲ್ ತನ್ನ ಹೆಸರುಗಳಿಗೆ ಪಿ, ಎಸ್ ಎಂಬ ಬಾಲ ಕಟ್ಟಿದ್ದು 2010ರ ಆವೃತ್ತಿಯಲ್ಲಿ.

ಈಗ ಅದೇ ಕಾಲಂನಲ್ಲಿ 973ರ ಕೆಳಗೆ 2021ಕ್ಕೆಂದು ಒಂದು ಮನೆ ಬಿಡಿ. ಕೋವಿಡ್‌ನಿಂದಾಗಿ ಆ ಜನಗಣತಿ ಮುಂದಕ್ಕೆ ಹೋಯಿತು, ಮನೆ ಖಾಲಿ. ವಿಎಆರ್.ಪಿ ಖಾಲಿ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಉತ್ತರ 29.44 ಆಗಿಯೇ ಇರುತ್ತದೆ. ಆದರೆ ಅಂದವಾಗಿ ಕಾಣಲೆಂದು ಯಾರಾದರೂ ಅಲ್ಲಿ ಸೊನ್ನೆ ತುಂಬಿದರೆ ಉತ್ತರ 1,28,986ನ್ನು ದಾಟುತ್ತದೆ. ಎಣಿಸಿಲ್ಲ ಎಂಬುದೂ ಯಾರೂ ಇಲ್ಲ ಎಂಬುದೂ ಒಂದೇ ಅಲ್ಲ. ಯಂತ್ರಕ್ಕೆ ಆ ವ್ಯತ್ಯಾಸ ಗೊತ್ತಾಗುವುದು ನಾವು ಹೇಳಿದರೆ ಮಾತ್ರ. ಐದೋ ನಾಲ್ಕೋ ಎಂದು ತೀರ್ಮಾನಿಸಬೇಕಾದವರೂ ನಾವೇ.