ಲಾರಿಯ ಬೆನ್ನ ಹಿಂದಿನ ಗಾಳಿ

ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುವ ಟ್ರೈಲರ್ ಲಾರಿಯ ಶಕ್ತಿಯಲ್ಲಿ ಸುಮಾರು ಅರ್ಧ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಎದುರಿನ ಗಾಳಿ ತಡೆಯುವುದು ಯಾರಿಗಾದರೂ ಗೊತ್ತಾಗುತ್ತದೆ. ಹಿಂದಿನ ಗಾಳಿ ಜಗ್ಗುವುದು ಗೊತ್ತಾಗುವುದಿಲ್ಲ. ಟ್ರೈಲರಿನ ಚೌಕಾಂಚು ದಾಟುತ್ತಲೇ ಗಾಳಿ ಮೈಯಿಂದ ಕಳಚಿಕೊಂಡು ಹಿಂಬದಿಯಲ್ಲಿ ಸುಳಿಗಟ್ಟುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ. ಮುಂದಿನ ಹೆಚ್ಚು ಒತ್ತಡಕ್ಕೂ ಹಿಂದಿನ ಕಡಿಮೆ ಒತ್ತಡಕ್ಕೂ ಇರುವ ಅಂತರವೇ ಎಳೆತದ ದೊಡ್ಡ ಪಾಲು.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಗಾಳಿ ಸುರಂಗದಲ್ಲಿ 1953ರಷ್ಟು ಹಿಂದೆಯೇ ಟ್ರೈಲರುಗಳ ಪರೀಕ್ಷೆ ನಡೆದಿತ್ತು. ಆದರೆ ಈ ವಿಷಯಕ್ಕೆ ನಿಜವಾದ ತುರ್ತು ಬಂದದ್ದು 1973ರ ತೈಲ ಬಿಕ್ಕಟ್ಟಿನಿಂದ. ನಾಸಾದ ಡ್ರೈಡನ್ ಕೇಂದ್ರದ ಎಂಜಿನಿಯರ್ ಎಡ್ವಿನ್ ಸಾಲ್ಟ್‌ಜ್‌ಮನ್ ಸೈಕಲ್ ತುಳಿಯುತ್ತ ಹೋಗುವಾಗ, ಪಕ್ಕದಲ್ಲಿ ಹಾದುಹೋದ ಲಾರಿಗಳ ಗಾಳಿ ಅವರನ್ನು ಮೊದಲು ದೂಡಿ ಆಮೇಲೆ ಸೆಳೆಯುತ್ತಿತ್ತು. ಅವರ ತಂಡ ಹಳೆಯ ವ್ಯಾನೊಂದಕ್ಕೆ ಅಲ್ಯೂಮಿನಿಯಂ ತಗಡು ಹೊದಿಸಿ ಅಪ್ಪಟ ಪೆಟ್ಟಿಗೆಯ ಆಕಾರ ಕೊಟ್ಟಿತು. ವೇಗ ಹಿಡಿಸಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ವ್ಯಾನಿನ ವೇಗ ಎಷ್ಟು ಬೇಗ ಇಳಿಯುತ್ತದೆಂದು ಅಳೆಯಿತು. ನಾಲ್ಕೂ ಕಡೆಯ ಅಂಚುಗಳನ್ನು ದುಂಡಗೆ ಮಾಡಿದಾಗ ಎಳೆತ ಶೇ. 54ರಷ್ಟು ಇಳಿಯಿತು, ಹಿಂದಕ್ಕೆ ಕಿರಿದಾಗುವ ಬಾಲ ಕೂರಿಸಿದಾಗ, ಚಪ್ಪಟೆ ಹಿಂಬದಿಗೆ ಹೋಲಿಸಿದರೆ, ಇನ್ನೂ ಸುಮಾರು ಶೇ. 32 ತಗ್ಗಿತು. ಲಾರಿ ಕಂಪನಿಗಳು ಮೊದಲು ಕೈಗೆತ್ತಿಕೊಂಡದ್ದು ಮುಂಭಾಗವನ್ನು: ಕ್ಯಾಬಿನ್ ದುಂಡಾಯಿತು, ಅದರ ನೆತ್ತಿಗೆ ಗಾಳಿತಡೆ ಬಂತು. ಬಾಲ ಮಾತ್ರ ದಶಕಗಟ್ಟಲೆ ಕಾಯಬೇಕಾಯಿತು.

ಕಾರಣವಿತ್ತು. ಮುಂಭಾಗದ ಹರಿವನ್ನು ಲೆಕ್ಕಕ್ಕೆ ಸಿಕ್ಕಿಸುವುದು ಸುಲಭ, ಹಿಂಭಾಗದ್ದು ಕಠಿಣ. ಅಲ್ಲಿ ಟ್ರೈಲರಿನಷ್ಟೇ ದೊಡ್ಡ ಸುಳಿಯಿಂದ ಮಿಲಿಮೀಟರಿಗಿಂತ ಚಿಕ್ಕ ಸುಳಿಯವರೆಗೆ ಎಲ್ಲವೂ ಒಟ್ಟಿಗೇ ತಿರುಗುತ್ತಿರುತ್ತವೆ. ಅಷ್ಟನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕುವ ಕಂಪ್ಯೂಟರ್ ಇವತ್ತಿಗೂ ಇಲ್ಲ. ಹಾಗಾಗಿ ಕಾಲದ ಸರಾಸರಿ ತೆಗೆದು, ಸುಳಿಗಳ ಪರಿಣಾಮವನ್ನು ಅಂದಾಜು ಸಮೀಕರಣಗಳಿಗೆ ಬಿಡುವ ವಿಧಾನ ರೂಢಿಗೆ ಬಂತು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಇಂಧನ ಇಲಾಖೆ ಲಾರೆನ್ಸ್ ಲಿವರ್‌ಮೋರ್, ಸ್ಯಾಂಡಿಯಾ ಮುಂತಾದ ಪ್ರಯೋಗಾಲಯಗಳನ್ನು ಈ ಕೆಲಸಕ್ಕೆ ಒಟ್ಟುಗೂಡಿಸಿತು. ಎಂಟನೇ ಒಂದು ಅಳತೆಯ ಸರಳ ಲಾರಿ ಮಾದರಿಯನ್ನು ಗಾಳಿ ಸುರಂಗದಲ್ಲೂ ಕಂಪ್ಯೂಟರಿನಲ್ಲೂ ಪರೀಕ್ಷಿಸಿ ಹೋಲಿಸಿದರು. ಕೆಲವು ಸಮೀಕರಣಗಳು ಒಟ್ಟು ಎಳೆತವನ್ನು ಹತ್ತಿರಹತ್ತಿರ ಸರಿಯಾಗಿಯೇ ಹೇಳಿದವು, ಆದರೆ ಹಿಂಬದಿಯ ಹಲಗೆಯ ಮೇಲಿನ ಒತ್ತಡ ತಪ್ಪಿತ್ತು. ಈ ಕ್ಷೇತ್ರಕ್ಕೆ ಸಿಕ್ಕ ಅತಿ ಮುಖ್ಯ ಪಾಠ ಇದೇ ಎಂದು ನನ್ನ ಭಾವನೆ. ಒಟ್ಟು ಮೊತ್ತ ಹೊಂದಿತೆಂದು ಹರಿವು ಅರ್ಥವಾದಂತಲ್ಲ. ಅಂಥ ಲೆಕ್ಕವನ್ನು ನಂಬಿ ಬಾಲದ ಕೋನ ನಿಗದಿ ಮಾಡಲಾಗದು.

ವಸ್ತುವಿನ ಮೈಯ ಹತ್ತಿರ ಸರಾಸರಿ, ಅದರಾಚೆ ದೊಡ್ಡ ಸುಳಿಗಳ ನೇರ ಲೆಕ್ಕ ಎಂಬ ಮಿಶ್ರ ವಿಧಾನವನ್ನು ಫಿಲಿಪ್ ಸ್ಪಾಲಾರ್ ಮತ್ತು ಸಂಗಡಿಗರು 1997ರಲ್ಲಿ ಮುಂದಿಟ್ಟಿದ್ದರು. ಅದು ಹಿಂಬದಿಯ ಹರಿವಿಗೆ ಹೆಚ್ಚು ಒಗ್ಗಿತು. ಅಷ್ಟರಲ್ಲಿ ಇನ್ನೊಂದು ತೊಡಕು ಬಯಲಾಯಿತು. ಎಸ್. ಆರ್. ಅಹ್ಮದ್ 1984ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದ ಪ್ರಸಿದ್ಧ ಪೆಟ್ಟಿಗೆ ಮಾದರಿಯ ಮೇಲೆ ಫ್ರಾನ್ಸಿನ ಗ್ರಾಂಡ್‌ಮಾಂಜ್, ಗೋಲ್ಕೆ ಮತ್ತು ಕಾಡೋ ಪ್ರಯೋಗ ಮಾಡಿ 2013ರಲ್ಲಿ ತೋರಿಸಿದ ಸಂಗತಿ ಅಚ್ಚರಿಯದು. ಹಿಂಬದಿ ಚಪ್ಪಟೆಯಾದ ಈ ಪೆಟ್ಟಿಗೆಯ ಎಡ-ಬಲಗಳಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದಿದ್ದರೂ ಹಿಂದಿನ ಸುಳಿರಾಶಿ ನಡುವೆ ನಿಲ್ಲುವುದಿಲ್ಲ. ಹೊತ್ತುಗೊತ್ತಿಲ್ಲದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತದೆ. ಅಲ್ಲಿ ಕಂಡ ಅವಧಿಯನ್ನು ಅದೇ ಅನುಪಾತದಲ್ಲಿ ಲಾರಿಯ ಗಾತ್ರಕ್ಕೆ ಏರಿಸಿದರೆ ಒಂದು ಹೊರಳಿಗೂ ಇನ್ನೊಂದಕ್ಕೂ ನಡುವೆ ಸರಾಸರಿ ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಸೂಕ್ಷ್ಮ ಸಿಮ್ಯುಲೇಶನ್‌ಗಳು ಲೆಕ್ಕ ಹಾಕುವುದೇ ಕೆಲವು ಸೆಕೆಂಡುಗಳ ಹರಿವನ್ನು.

ಕಂಪ್ಯೂಟರ್ ಹೇಳಿದ್ದನ್ನು ತಾಳೆ ನೋಡಲು 2010ರಲ್ಲಿ ಲಿವರ್‌ಮೋರ್ ತಂಡ ಇಡೀ ಲಾರಿಯನ್ನೇ ನಾಸಾ ಏಮ್ಸ್‌ನ 80 ಅಡಿ ಎತ್ತರ, 120 ಅಡಿ ಅಗಲದ ಗಾಳಿ ಸುರಂಗಕ್ಕೆ ಒಯ್ದಿತು. ಐರೋಪ್ಯ ಒಕ್ಕೂಟ 2015ರಲ್ಲಿ ಲಾರಿಗಳ ಉದ್ದದ ಮಿತಿ ಸಡಿಲಿಸಿ ಬಾಲಕ್ಕೆ ಜಾಗ ಕೊಟ್ಟಿತು. ಆದರೂ ಬಾಲವಿರುವ ಟ್ರೈಲರುಗಳು ಕಡಿಮೆಯೇ. ಬಾಲ ಕೂರುವುದು ಸರಕು ಇಳಿಸುವ ಬಾಗಿಲ ಮೇಲೆಯೇ. ಪ್ರತಿ ಗೋದಾಮಿನಲ್ಲೂ ಮಡಚಬೇಕು, ಹೊರಡುವಾಗ ಬಿಡಿಸಬೇಕು. ಎಷ್ಟೋ ಕಡೆ ಟ್ರೈಲರ್ ಒಬ್ಬರದು, ಎಳೆಯುವ ಲಾರಿ ಇನ್ನೊಬ್ಬರದು. ಬಾಲಕ್ಕೆ ದುಡ್ಡು ಹಾಕಬೇಕಾದವರು ಟ್ರೈಲರಿನ ಮಾಲೀಕರು, ಡೀಸೆಲ್ ಉಳಿಯುವುದು ಲಾರಿಯವರಿಗೆ.