ತೇವಸ್ಥಳದ ಎಲ್‌ಇಡಿ ಚಾವಣಿ ದೀಪ

ತೇವಸ್ಥಳದ ಎಲ್‌ಇಡಿ ಚಾವಣಿ ದೀಪ ಎಂದರೆ ಬಚ್ಚಲುಮನೆ, ತೆರೆದ ಜಗಲಿ, ಮಳೆಯ ಎರಚಲು ತಾಗುವ ಸೂರು ಮೊದಲಾದ ಕಡೆಗಳಲ್ಲಿ ಬಳಸಲು ನೀರು ಒಳಸೇರದಂತೆ ರಚಿಸಿ, ಪರೀಕ್ಷಿಸಿ, ಆ ರಕ್ಷಣೆಯ ಮಟ್ಟವನ್ನು ಮೈಮೇಲೆ ನಮೂದಿಸಿದ ವಿದ್ಯುದ್ದೀಪ. ಭಾರತದಲ್ಲಿ ಈ ಮಟ್ಟವನ್ನು ‘ಐಪಿ’ ಸಂಕೇತದಿಂದಲೂ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಣ, ತೇವ, ಒದ್ದೆ ಎಂಬ ಮೂರು ವರ್ಗಗಳಿಂದಲೂ ಸೂಚಿಸುತ್ತಾರೆ. ಈ ಗುರುತು ಇಡೀ ದೀಪಕ್ಕೆ, ಅದೂ ತಯಾರಕರು ತಿಳಿಸಿದ ಕ್ರಮದಲ್ಲಿ ಜೋಡಿಸಿದಾಗ ಮಾತ್ರ ಅನ್ವಯಿಸುತ್ತದೆ.

ಹಿನ್ನೆಲೆ

ಹಳೆಯ ತಂತಿಬಲ್ಬಿನ ಗಾಜು ಸಂಪೂರ್ಣ ಮುಚ್ಚಿದ್ದಾಗಿತ್ತು. ತೇವಕ್ಕೆ ಒಡ್ಡಿಕೊಳ್ಳುತ್ತಿದ್ದುದು ಹೋಲ್ಡರ್ ಮತ್ತು ಅದರೊಳಗಿನ ಪಿನ್ನುಗಳು ಮಾತ್ರ. ಎಲ್‌ಇಡಿ ದೀಪದ ರಚನೆ ಬೇರೆ. ಅದರೊಳಗೆ ಸಣ್ಣ ಸಣ್ಣ ಬೆಳಕಿನ ಚಿಪ್ಪುಗಳನ್ನು ಕೂರಿಸಿದ ಫಲಕವೂ 230 ವೋಲ್ಟ್ ವಿದ್ಯುತ್ತನ್ನು ಅವುಗಳಿಗೆ ತಕ್ಕಂತೆ ಮಾರ್ಪಡಿಸುವ ‘ಡ್ರೈವರ್’ ಎಂಬ ಎಲೆಕ್ಟ್ರಾನಿಕ್ ಭಾಗವೂ ಇರುತ್ತವೆ. ತೇವಕ್ಕೆ ಮೊದಲು ಬಲಿಯಾಗುವುದು ಸಾಮಾನ್ಯವಾಗಿ ಈ ಡ್ರೈವರ್.

2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಉಜಾಲಾ’ ಯೋಜನೆಯಿಂದ ಎಲ್‌ಇಡಿ ಬಲ್ಬುಗಳು ಕಡಿಮೆ ಬೆಲೆಗೆ ಮನೆಮನೆಗೂ ತಲುಪಿದವು. ಕರ್ನಾಟಕದಲ್ಲಿ ಇದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಜಾರಿಗೆ ಬಂದಿತು. ಆ ಬಗೆಯ ಸಾಮಾನ್ಯ ಬಲ್ಬುಗಳು ಒಣ ಕೋಣೆಗಳಿಗೆ ತಯಾರಾದವು. ಆದರೂ ಹಳೆಯ ಬಲ್ಬು ತೆಗೆದ ಜಾಗಕ್ಕೆ, ಬಚ್ಚಲುಮನೆಯ ತೆರೆದ ಹೋಲ್ಡರಿಗೂ, ಅವನ್ನೇ ಹಾಕುವುದು ರೂಢಿಯಾಯಿತು. ಬಲ್ಬು ಬದಲಾಗಿದ್ದರಿಂದ ಹೋಲ್ಡರು ಸುರಕ್ಷಿತವಾಗಲಿಲ್ಲ.

ತೇವದಿಂದಾಗುವ ಹಾನಿ

ಉರಿಯುವಾಗ ದೀಪದೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿ, ಸಂದುಗಳಿಂದ ಹೊರಹೋಗುತ್ತದೆ. ಆರಿಸಿದ ಬಳಿಕ ತಣ್ಣಗಾಗುತ್ತ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸ್ನಾನ ಮುಗಿದ ಕೂಡಲೇ ದೀಪ ಆರಿಸುವುದು ವಾಡಿಕೆಯಾದ್ದರಿಂದ ಹೀಗೆ ಒಳಸೇರುವುದು ಆವಿ ತುಂಬಿದ ಗಾಳಿ. ಅದು ತಣಿದು ಹನಿಗಟ್ಟುತ್ತದೆ. ನೀರು ನೇರವಾಗಿ ಬೀಳದ ದೀಪದ ಮುಚ್ಚಳದಲ್ಲಿಯೂ ಒಳಗಡೆ ಹನಿಗಳು ಕಾಣುವುದಕ್ಕೆ ಇದೇ ಕಾರಣ. ಕ್ರಮೇಣ ಬೆಸುಗೆಗಳು ಕಿಲುಬುಗಟ್ಟಿ, ದೀಪ ಮಿನುಗತೊಡಗಿ, ಕೊನೆಗೆ ಕೆಡುತ್ತದೆ.

ಮನುಷ್ಯನಿಗಿರುವ ಅಪಾಯ ಇದಕ್ಕಿಂತ ಗಂಭೀರ. ಒದ್ದೆಯಾದ ಚರ್ಮವು ವಿದ್ಯುತ್ತಿಗೆ ಒಡ್ಡುವ ತಡೆ ಒಣ ಚರ್ಮಕ್ಕಿಂತ ಬಹಳ ಕಡಿಮೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಮೂಲಕ ವಿದ್ಯುತ್ ಸುಲಭವಾಗಿ ನೆಲಕ್ಕೆ ಹರಿಯುತ್ತದೆ. ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಜೋಡಿಸಿದ ವೈರಿಂಗ್‌ನಲ್ಲಿ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಆರಿಸಿದ ಮೇಲೂ ಎಲ್‌ಇಡಿ ದೀಪ ಮಂಕಾಗಿ ಬೆಳಗುತ್ತಿದ್ದರೆ ಅದು ಇಂಥ ದೋಷದ ಸೂಚನೆಯಾಗಿರಬಹುದು.

ಐಪಿ ಸಂಕೇತ

ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ 60529 ಸಂಖ್ಯೆಯ ಮಾನಕವು ಈ ಸಂಕೇತವನ್ನು ವಿವರಿಸುತ್ತದೆ. ಭಾರತೀಯ ಮಾನಕ ಬ್ಯೂರೋ ಇದನ್ನು ಅದೇ ಸಂಖ್ಯೆಯಲ್ಲಿ ಅಂಗೀಕರಿಸಿದೆ. ‘ಐಪಿ’ ಅಕ್ಷರಗಳ ಮುಂದಿನ ಮೊದಲ ಅಂಕಿ ಘನವಸ್ತುಗಳಿಂದ ಇರುವ ರಕ್ಷಣೆಯನ್ನು 0ಯಿಂದ 6ರವರೆಗೆ ಹೇಳುತ್ತದೆ. 4 ಎಂದರೆ 1 ಮಿ.ಮೀ. ದಪ್ಪದ ತಂತಿಯೂ ಒಳಹೋಗದು. 6 ಎಂದರೆ ಧೂಳು ಹೋಗದು. ಮಳೆಗಾಲದ ಆರಂಭದಲ್ಲಿ ದೀಪಕ್ಕೆ ಮುತ್ತುವ ಹುಳುಗಳು ಮುಚ್ಚಳದೊಳಗೆ ಸತ್ತು ಬೀಳುವುದು ಈ ಅಂಕಿ ಕಡಿಮೆಯಿರುವ ದೀಪಗಳಲ್ಲಿ.

ಎರಡನೆಯ ಅಂಕಿ ನೀರಿಗೆ ಸಂಬಂಧಿಸಿದ್ದು. 1 ಎಂದರೆ ಮೇಲಿನಿಂದ ನೇರವಾಗಿ ತೊಟ್ಟಿಕ್ಕುವ ಹನಿ, 3 ಎಂದರೆ ಮಳೆಯಂತೆ ಸಿಂಪಡಿಸುವ ನೀರು, 4 ಎಂದರೆ ಎಲ್ಲ ದಿಕ್ಕುಗಳಿಂದ ಎರಚುವ ನೀರು, 5 ಎಂದರೆ ಕೊಳವೆಯಿಂದ ಚಿಮ್ಮುವ ನೀರು, 6 ಎಂದರೆ ಇನ್ನೂ ಬಲವಾದ ಧಾರೆ. 7 ಮತ್ತು 8 ಮುಳುಗಡೆಯ ಪರೀಕ್ಷೆಗಳು. ಇಲ್ಲಿ ಅಂಕಿ ಏರಿದಂತೆ ರಕ್ಷಣೆಯೆಲ್ಲ ಏರುತ್ತದೆ ಎಂಬ ಭಾವನೆ ಸರಿಯಲ್ಲ. ಮುಳುಗಿಸಿ ಪರೀಕ್ಷಿಸಿದ ದೀಪ ಚಿಮ್ಮುವ ಧಾರೆಯನ್ನು ತಡೆಯಲೇಬೇಕೆಂದಿಲ್ಲ. ಎರಡನ್ನೂ ತಡೆಯುವ ದೀಪಕ್ಕೆ ಎರಡು ಸಂಕೇತಗಳನ್ನು ಕೊಡಲಾಗುತ್ತದೆ. ಒಂದು ಅಂಕಿಯ ಪರೀಕ್ಷೆ ನಡೆಸದಿದ್ದರೆ ಆ ಸ್ಥಾನದಲ್ಲಿ ‘ಎಕ್ಸ್’ ಅಕ್ಷರವಿರುತ್ತದೆ.

ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪುಗಾಳಿ, ತುಕ್ಕು, ದೀಪದೊಳಗೆ ಆವಿ ಹನಿಗಟ್ಟುವುದು, ವರ್ಷಗಳ ಬಿಸಿಲಿಗೆ ರಬ್ಬರ್ ಗ್ಯಾಸ್ಕೆಟ್ ಗಡುಸಾಗುವುದು ಇವುಗಳ ಬಗ್ಗೆ ಐಪಿ ಅಂಕಿ ಏನನ್ನೂ ಹೇಳುವುದಿಲ್ಲ. ಜಾಹೀರಾತುಗಳಲ್ಲಿ ಕಾಣುವ ‘ವಾಟರ್‌ಪ್ರೂಫ್’ ಎಂಬ ಮಾತಿಗಂತೂ ಅಂಕಿಯಿಲ್ಲದೆ ನಿಶ್ಚಿತ ಅರ್ಥವೇ ಇಲ್ಲ.

ಅಮೆರಿಕದ ವರ್ಗೀಕರಣ

ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯು ದೀಪವನ್ನಲ್ಲ, ಸ್ಥಳವನ್ನು ವರ್ಗೀಕರಿಸುತ್ತದೆ. ಸೂರಿನಡಿಯ ಜಗಲಿಯಂತೆ ಮಳೆಯಿಂದ ಮರೆಯಾಗಿದ್ದರೂ ತೇವಾಂಶವಿರುವುದು ‘ತೇವ’ ಸ್ಥಳ. ಮಳೆಗೆ ತೆರೆದಿರುವುದು ಅಥವಾ ನೀರಿನಿಂದ ತೊಯ್ಯುವುದು ‘ಒದ್ದೆ’ ಸ್ಥಳ. ಒದ್ದೆ ಸ್ಥಳದ ದೀಪವನ್ನು ತೇವ ಸ್ಥಳದಲ್ಲಿ ಬಳಸಬಹುದು, ಅದರ ವಿರುದ್ಧ ಸಲ್ಲದು. ಷವರಿನ ಮೇಲೆ ನೀರಿನ ಎರಚಲು ತಾಗುವ ದೀಪ ಒದ್ದೆ ವರ್ಗದ್ದೇ ಆಗಿರಬೇಕು. ಈ ವರ್ಗಗಳನ್ನು ಐಪಿ ಅಂಕಿಗಳಿಗೆ ನೇರವಾಗಿ ಸರಿಹೊಂದಿಸಲಾಗದು. ಅಲ್ಲದೆ ಅಮೆರಿಕದ ಮನೆಗಳಲ್ಲಿ 120 ವೋಲ್ಟ್ ಬಳಕೆಯಲ್ಲಿರುವುದರಿಂದ, ಅಲ್ಲಿಂದ ತಂದ ದೀಪವನ್ನು ಭಾರತದಲ್ಲಿ ಜೋಡಿಸುವ ಮುನ್ನ ವೋಲ್ಟ್ ನಮೂದನ್ನು ನೋಡಲೇಬೇಕು.

ಸ್ಥಳಕ್ಕೆ ತಕ್ಕ ಆಯ್ಕೆ

ನೀರು ಎಲ್ಲಿಂದ, ಯಾವ ಬಲದಿಂದ ಬರುತ್ತದೆ ಎಂಬುದೇ ಆಯ್ಕೆಯ ಆಧಾರ. ಅಂತಾರಾಷ್ಟ್ರೀಯ ವೈರಿಂಗ್ ಮಾನಕವು ಸ್ನಾನದ ತೊಟ್ಟಿ ಮತ್ತು ಷವರಿನ ಸುತ್ತಲಿನ ಜಾಗವನ್ನು ವಲಯಗಳಾಗಿ ವಿಂಗಡಿಸಿದೆ. ನೆಲದಿಂದ 2.25 ಮೀಟರ್ ಎತ್ತರದವರೆಗೆ ತೊಟ್ಟಿಯ ಮೇಲಿನ ವಲಯಕ್ಕೂ ಅದರಾಚೆಯ 0.6 ಮೀಟರ್ ವಲಯಕ್ಕೂ ಕನಿಷ್ಠ ಐಪಿಎಕ್ಸ್4 ಬೇಕೆನ್ನುತ್ತದೆ. ಎತ್ತರದ ಚಾವಣಿ ಈ ವಲಯಗಳ ಹೊರಗಿದ್ದರೂ, ಸಣ್ಣ ಬಚ್ಚಲುಗಳಲ್ಲಿ ಐಪಿ44ಕ್ಕಿಂತ ಕಡಿಮೆಯದನ್ನು ಕೊಳ್ಳುವುದು ಉಳಿತಾಯವೆನಿಸದು. ಹಂಡೆ ಒಲೆಯಿರುವ ಮಲೆನಾಡಿನ ಬಚ್ಚಲುಗಳಲ್ಲಿ ಆವಿಯೊಂದಿಗೆ ಹೊಗೆ, ಮಸಿಯೂ ಸೇರುವುದರಿಂದ ಐಪಿ65 ಮತ್ತು ಸುಲಭವಾಗಿ ಒರೆಸಬಹುದಾದ ನಯವಾದ ಮುಚ್ಚಳ ಹೆಚ್ಚು ಸೂಕ್ತ.

ಗಾಳಿಮಳೆ ಅಡ್ಡಲಾಗಿ ಬೀಸುವ ಕಡೆ ಸೂರನ್ನು ನಂಬುವಂತಿಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಊರುಗಳಲ್ಲಿ ಜಗಲಿಯನ್ನೂ ಒದ್ದೆ ಸ್ಥಳವೆಂದೇ ಎಣಿಸಬೇಕಾಗುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿಯಿಂದ ಕಬ್ಬಿಣದ ಸ್ಕ್ರೂಗಳು ಬೇಗ ತುಕ್ಕು ಹಿಡಿದು, ಮುಚ್ಚಳದ ಬಿಗಿ ಸಡಿಲವಾಗುತ್ತದೆ. ಪ್ಲಾಸ್ಟಿಕ್ ಹೊರಮೈ ಮತ್ತು ತುಕ್ಕುರಹಿತ ಉಕ್ಕಿನ ಸ್ಕ್ರೂಗಳಿರುವ ದೀಪ ಅಲ್ಲಿಗೆ ಹೊಂದುತ್ತದೆ.

ಫಾಲ್ಸ್ ಸೀಲಿಂಗಿನಲ್ಲಿ ಹುದುಗಿಸುವ ದೀಪಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಇವುಗಳಲ್ಲಿ ಹಲವಕ್ಕೆ ಐಪಿ ಅಂಕಿ ಕೆಳಗಿನ ಮುಖಕ್ಕೆ ಮಾತ್ರ ಅನ್ವಯಿಸುತ್ತದೆ. ಮೇಲ್ಭಾಗವೂ ಅಲ್ಲಿಯೇ ತೂಗುಬಿಟ್ಟ ಡ್ರೈವರೂ ಐಪಿ20 ಮಟ್ಟದವಾಗಿರಬಹುದು. ಮೇಲಿನ ಅಂತಸ್ತಿನ ಬಚ್ಚಲಿನಿಂದ ನೀರು ಸೋರುವ ಮನೆಯಲ್ಲಿ ಇಂಥ ದೀಪದ ಅಂಕಿಗೆ ಬೆಲೆಯಿಲ್ಲ.

ಅಳವಡಿಕೆ ಮತ್ತು ಸುರಕ್ಷತೆ

ಉತ್ತಮ ದೀಪವೂ ಕೆಡುವುದು ಹೆಚ್ಚಾಗಿ ತಂತಿ ಒಳಹೋಗುವ ರಂಧ್ರದಲ್ಲಿ. ತಂತಿಯ ದಪ್ಪಕ್ಕೆ ಹೊಂದುವ ರಬ್ಬರ್ ಬಳೆ ಅಥವಾ ಗ್ಲ್ಯಾಂಡ್ ಅಲ್ಲಿರಬೇಕು. ಗೋಡೆಯಲ್ಲಿ ಇಳಿಯುವ ನೀರು ತಂತಿಯ ಜಾಡು ಹಿಡಿದು ಬರದಂತೆ, ಒಳಹೋಗುವ ಮುನ್ನ ತಂತಿಯನ್ನು ತುಸು ಕೆಳಕ್ಕೆ ಬಾಗಿಸಿ ಮೇಲೆತ್ತಬೇಕು. ಅನುಕೂಲಕ್ಕೆಂದು ದೀಪದ ಮೈಗೆ ಹೊಸ ರಂಧ್ರ ಕೊರೆದರೆ ನಮೂದಿಸಿದ ರಕ್ಷಣೆ ಅಲ್ಲಿಗೆ ಮುಗಿಯಿತು.

ಲೋಹದ ಹೊರಮೈಯ ಒಂದನೆಯ ವರ್ಗದ ದೀಪಕ್ಕೆ ಅರ್ಥಿಂಗ್ ಕಡ್ಡಾಯ. ಅರ್ಥಿಂಗ್ ತಂತಿಯಿಲ್ಲದ ಹಳೆಯ ಮನೆಗಳಿಗೆ, ಚೌಕದೊಳಗೊಂದು ಚೌಕದ ಚಿಹ್ನೆಯುಳ್ಳ, ಇಮ್ಮಡಿ ನಿರೋಧನದ ದೀಪವನ್ನೇ ಆರಿಸಬೇಕು. ಎಂಸಿಬಿಯು ಅಧಿಕ ಹೊರೆ ಮತ್ತು ಶಾರ್ಟ್ ಸರ್ಕ್ಯೂಟ್‌ನಿಂದ ವೈರಿಂಗನ್ನು ಕಾಪಾಡುವ ಸಾಧನವೇ ಹೊರತು ಮನುಷ್ಯನಿಗೆ ತಗಲುವ ಆಘಾತವನ್ನು ತಡೆಯದು. ಆ ಕೆಲಸಕ್ಕೆ 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿದುಹಾಕುವ ಆರ್‌ಸಿಸಿಬಿ ಬೇಕು. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ಆಗಾಗ, ತಪ್ಪದೆ ಮಳೆಗಾಲಕ್ಕೆ ಮುನ್ನ, ಒತ್ತಿ ನೋಡಬೇಕು. ಒತ್ತಿದಾಗ ಸಂಪರ್ಕ ಕಡಿಯದಿದ್ದರೆ ವೈರ್‌ಮನ್‌ನನ್ನು ಕರೆಸಿ ಸರಿಪಡಿಸಬೇಕು. ಮುಚ್ಚಳದೊಳಗೆ ನೀರು ಕಂಡಾಗ ಮೇನ್ ಸ್ವಿಚ್ ಆರಿಸಿದ ನಂತರವೇ ದೀಪವನ್ನು ಬಿಚ್ಚತಕ್ಕದ್ದು.